ಪಂಪಣ್ಣನ ಮರಕ್ಕೆ ಬಂದ ಹಲಗೆ ಅಣಬೆ

ಮಂಡಿ ನೋವಿಲ್ಲದ ಮನೆ ಯಾವುದಿದೆ ಹೇಳಿ? ನಮ್ಮ ಬೀದಿಯಲ್ಲಂತೂ ಬೆಳಿಗ್ಗೆ ಕಿರ್ ಎಂದು ಸದ್ದಾದರೆ ಅದು ಬಾಗಿಲ ಕೀಲಿನದೋ ಅಜ್ಜಿಯಂದಿರ ಮಂಡಿಯದೋ ಗೊತ್ತಾಗುವುದಿಲ್ಲ. ಅವರಲ್ಲೆಲ್ಲ ಜೋರು ಮಂಡಿ ಸೈಕಲ್ ಅಂಗಡಿಯ ಅಜ್ಜಿಯದು.

ಅಜ್ಜಿಯ ಮಗನೇ ಆ ಅಂಗಡಿಯ ಯಜಮಾನ. ಎಲ್ಲರೂ ಅವನನ್ನು ಪಂಪಣ್ಣ ಎನ್ನುತ್ತಾರೆ. ಹೆತ್ತವರು ಇಟ್ಟ ಹೆಸರು ಬೇರೆ. ಸದಾ ಕೈಯಲ್ಲಿ ಗಾಳಿ ಹೊಡೆಯುವ ಪಂಪು ಹಿಡಿದಿರುತ್ತಾನೆಂದು ಬೀದಿಯವರು ಕೂಗಿದ ಹೆಸರೇ ನಿಂತುಬಿಟ್ಟಿತು. ಮನೆಯ ಮುಂದಿನ ಕೋಣೆಯಲ್ಲಿ ಅಂಗಡಿ ಇದೆ ಎಂಬುದು ಮಾತಿಗೆ ಮಾತ್ರ. ಕೆಲಸವೆಲ್ಲ ನಡೆಯುವುದು ಹೊರಗಿನ ದೊಡ್ಡ ಮರದ ಕೆಳಗೆ. ಟಯರು ತಗುಲಿಹಾಕಲು ಕಾಂಡಕ್ಕೆ ಹೊಡೆದ ಮೊಳೆಗಳು, ಸೈಕಲ್ಲನ್ನು ನೇತುಹಾಕಲು ಕೊಂಬೆಗೆ ಸುತ್ತಿದ ಸರಪಳಿ, ಪಂಕ್ಚರ್ ನೋಡುವ ನೀರಿನ ಬೋಗುಣಿ, ಕಾಯುವವರಿಗೆ ಒಂದು ಉದ್ದನೆಯ ಬೆಂಚು. ಅವನ ಅಪ್ಪನೂ ಅಲ್ಲೇ ಕೂತು ಪಂಕ್ಚರ್ ಹಾಕುತ್ತಿದ್ದ. ಶಾಲೆ ಬಿಟ್ಟ ಹೊತ್ತಿಗೆ ಆ ಬೆಂಚಿನ ತುಂಬ ಮಕ್ಕಳು.

ಈಚಿನ ಕೆಲವು ವರ್ಷಗಳಿಂದ ಆ ಮರದ ಕಾಂಡದಲ್ಲಿ, ಸೊಂಟದೆತ್ತರಕ್ಕೆ, ಗೋಡೆಗೆ ಹಲಗೆ ಹೊಡೆದ ಹಾಗೆ ಅಣಬೆಗಳು ಚಾಚಿಕೊಂಡಿದ್ದವು. ಮೇಲೆ ಕಂದು ಬಣ್ಣ, ಕೆಳಗೆ ಬಿಳುಪು. ಕೈಯಲ್ಲಿ ತಟ್ಟಿದರೆ ಕಟ್ಟಿಗೆಯಷ್ಟೇ ಗಟ್ಟಿ. ಎಲ್ಲಕ್ಕಿಂತ ದೊಡ್ಡದರ ಮೇಲೆ ಪಂಪಣ್ಣ ನಟ್ಟು ಬೋಲ್ಟುಗಳ ಡಬ್ಬಿ ಇಟ್ಟುಕೊಂಡಿದ್ದ. "ಬಡಗಿನ ಕರೆಯೋ ಕೆಲಸ ತಪ್ತು ನೋಡಿ. ಮರಾನೇ ನಂಗೆ ಶೆಲ್ಫ್ ಮಾಡ್ಕೊಟ್ಟಿದೆ," ಎಂದು ಬಂದವರಿಗೆಲ್ಲ ತೋರಿಸುತ್ತಿದ್ದ.

ಹೀಗಿರುವಾಗ ಒಂದು ಭಾನುವಾರ ಅವನ ಭಾಮೈದ ಬಂದ. ಹೆಂಡತಿಯ ತಮ್ಮನಾದ ಇವನಿಗೆ ಬೀದಿಯಲ್ಲಿ 'ಫಾರ್ವರ್ಡ್' ಎಂದೇ ಹೆಸರು. ಫೋನಿಗೆ ಬಂದದ್ದನ್ನು ಇನ್ನೊಬ್ಬರಿಗೆ ಕಳಿಸದೆ ಅವನಿಗೆ ನಿದ್ದೆ ಬರುವುದಿಲ್ಲ. ಒಳ್ಳೆಯ ಮನಸ್ಸಿನ ಹುಡುಗ. ಕಂಡದ್ದನ್ನೆಲ್ಲ ನಂಬುವುದೊಂದೇ ಅವನ ತೊಂದರೆ.

"ಭಾವ, ಇದನ್ನ ನೋಡು," ಎಂದು ಫೋನನ್ನು ಪಂಪಣ್ಣನ ಮೂಗಿನ ಹತ್ತಿರ ಹಿಡಿದ. ಅದರಲ್ಲಿ ಯಾರೋ ಒಬ್ಬರು ಕೆಂಪಗೆ ಮಿರಮಿರ ಮಿಂಚುವ ಅಣಬೆಯೊಂದನ್ನು ಹಿಡಿದುಕೊಂಡು ಮಂಡಿ ನೋವು, ಸೊಂಟ ನೋವು, ಸಕ್ಕರೆ ಕಾಯಿಲೆ, ಎಲ್ಲಕ್ಕೂ ಇದೊಂದೇ ಮದ್ದು ಎನ್ನುತ್ತಿದ್ದರು. "ಮರದ ಮೇಲೆ ಹಲಗೆ ತರಹ ಬೆಳೆಯುತ್ತಂತೆ. ಇಲ್ಲಿ ನೋಡಿದ್ರೆ ಔಷಧಿ ಮೇಲೆ ನೀನು ನಟ್ಟು ಬೋಲ್ಟು ಇಟ್ಕೊಂಡು ಕೂತಿದೀಯ!"

ಪಂಪಣ್ಣ ತಲೆ ಕೆರೆದುಕೊಂಡ. "ಫೋನಲ್ಲಿರೋದು ಕೆಂಪಗೆ ಹೊಳೀತಿದೆಯಲ್ಲೋ. ನಮ್ದು ಮಂಕಾಗಿದೆ."

"ಇಲ್ಲಿ ಬೀದಿ ಧೂಳು ಕೂತಿದೆ. ತೊಳೆದ್ರೆ ಹೊಳೆಯುತ್ತೆ ಬಿಡು."

ಒಳಗಿನಿಂದ ಅಜ್ಜಿ ಕೂಗಿದರು. "ಏನಾದ್ರೂ ಕೊಡ್ರೋ. ಈ ಮಂಡಿ ಇಟ್ಕೊಂಡು ಬಚ್ಚಲಿಗೆ ಹೋಗೋದೂ ಒಂದು ಯಾತ್ರೆ ಆಗಿದೆ."

ಅಷ್ಟು ಸಾಕಾಯಿತು. ಪಂಪಣ್ಣ ಸ್ಪ್ಯಾನರಿನಿಂದ ಎರಡು ಹಲಗೆ ಕಿತ್ತ. ಫಾರ್ವರ್ಡ್‌ಗೆ ಅದು ಕಡಿಮೆ ಎನಿಸಿತು. ಅವೆರಡನ್ನೂ ಚೀಲಕ್ಕೆ ಹಾಕಿಕೊಂಡು ಹೋಗಿ ಶಾಲೆಯ ಹಿಂದಿನ ಬೇಲಿಕಂಬದಿಂದ ಒಂದಷ್ಟು, ಆಟದ ಮೈದಾನದಲ್ಲಿ ಬಿದ್ದ ಕೊಂಬೆಯಿಂದ ಒಂದಷ್ಟು, ಮರಕ್ಕೆ ಅಂಟಿಕೊಂಡಿದ್ದನ್ನೆಲ್ಲ ಒಂದೇ ಚೀಲಕ್ಕೆ ತುಂಬಿಕೊಂಡು ಬಂದ. ಎಲ್ಲದರಿಂದಲೂ ಚೂರುಚೂರು ಮುರಿದು ಪಾತ್ರೆಗೆ ಹಾಕಿ ಒಲೆಯ ಮೇಲಿಟ್ಟರು.

ಪಂಪಣ್ಣನ ಹೆಂಡತಿ ಮನೆಯಲ್ಲೇ ಸೈಕಲ್ ಸೀಟಿನ ಕವರು ಹೊಲಿಯುತ್ತಾಳೆ. ಆ ಹೊತ್ತಿಗೆ ಅವಳು ದಾರ ತರಲು ಹೋಗಿದ್ದಳು. ಹಿಂದಿರುಗುವಾಗ ದಾರಿಯಲ್ಲಿ ಹಳೆಯ ಗೆಳತಿ ಸಿಕ್ಕಿದಳು. ಇಬ್ಬರೂ ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತವರು. ಗೆಳತಿ ಈಗ ಮರಗಿಡಗಳ ರೋಗ ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಾಳೆ. ಬೀದಿಯವರ ಬಾಯಲ್ಲಿ ಅವಳು ಮರದ ಡಾಕ್ಟರಮ್ಮ. ಬ್ರೇಕ್ ವೈರು ತುಂಡಾದ ಸೈಕಲ್ಲನ್ನು ತಳ್ಳಿಕೊಂಡು ಅವಳೂ ಜೊತೆಗೆ ಬಂದಳು.

ಬಾಗಿಲಿಗೆ ಬಂದ ಕೂಡಲೇ ಇಬ್ಬರೂ ಮೂಗು ಮುಚ್ಚಿಕೊಂಡರು. ಒದ್ದೆ ಗೋಣಿಚೀಲವನ್ನು ಬೇಯಿಸಿದಂಥ ವಾಸನೆ. ಒಳಗೆ ಅಜ್ಜಿ ಒಂದು ಕೈಯಲ್ಲಿ ಲೋಟ, ಇನ್ನೊಂದು ಕೈಯಲ್ಲಿ ಬಾಯಿ ಸಿಹಿ ಮಾಡಿಕೊಳ್ಳಲು ಸಕ್ಕರೆ ಹಿಡಿದು, ಕಣ್ಣು ಮುಚ್ಚಿ ಕೂತಿದ್ದರು. ಲೋಟ ತುಟಿಯ ಹತ್ತಿರವಿತ್ತು.

"ಅಜ್ಜಿ, ಒಂದ್ನಿಮಿಷ ತಡೀರಿ! ಅದೇನು?" ಎಂದಳು ಡಾಕ್ಟರಮ್ಮ.

"ಮಂಡಿ ಔಷಧಿ ಕಣಮ್ಮ. ಮರದ್ದು."

ಹೆಂಡತಿ ಒಂದೇ ನೆಗೆತಕ್ಕೆ ಹೋಗಿ ಲೋಟ ಕಿತ್ತುಕೊಂಡಳು. "ಅತ್ತೆ, ಕುಡಿದ್ರಾ? ಎಷ್ಟು ಕುಡಿದ್ರಿ?"

"ಎಲ್ಲಿ ಕುಡಿಯೋದು? ವಾಸನೆಗೇ ಅರ್ಧ ಜೀವ ಹೋಯ್ತು. ಉಳಿದರ್ಧಕ್ಕೆ ಧೈರ್ಯ ತಂದ್ಕೊಳ್ತಾ ಇದ್ದೆ."

ಡಾಕ್ಟರಮ್ಮ ಒಲೆ ಆರಿಸಿ ಉಸಿರು ಬಿಟ್ಟಳು. "ಸದ್ಯ. ಒಂದು ಗುಟುಕು ಕುಡಿದಿದ್ರೂ ನಿಮ್ಮನ್ನ ಈಗ್ಲೇ ಆಸ್ಪತ್ರೆಗೆ ಕರ್ಕೊಂಡು ಹೋಗ್ತಿದ್ದೆ. ಆರಾಮಾಗಿದೀನಿ ಅಂದ್ರೂ ಬಿಡ್ತಿರಲಿಲ್ಲ. ಕೆಲವು ಅಣಬೆ ವಿಷ ತಡವಾಗಿ ಗೊತ್ತಾಗೋದು."

ಪಂಪಣ್ಣನಿಗೆ ಸಿಟ್ಟು ಬಂತು. ಅಮ್ಮನಿಗೆ ಒಳ್ಳೆಯದು ಮಾಡಲು ಹೊರಟವನನ್ನು ತಪ್ಪು ಮಾಡಿದವನ ಹಾಗೆ ನಿಲ್ಲಿಸಿದರೆ ಯಾರಿಗೆ ತಾನೆ ಸಿಟ್ಟು ಬರುವುದಿಲ್ಲ? "ನೋಡಮ್ಮ, ನಿನಗೆ ಮರದ ವಿಷ್ಯ ಗೊತ್ತು, ಒಪ್ಕೋತೀನಿ. ಆದ್ರೆ ಇದು ಔಷಧಿ ಅಂತ ಸಾವಿರಾರು ಜನ ನೋಡಿದ್ದಾರೆ. ವೀಡಿಯೊ ಕೆಳಗಡೆ ಲೆಕ್ಕಾನೇ ಹಾಕಿದ್ದಾರೆ."

"ನೋಡಿದ್ದಾರೆ, ಸರಿ. ಆ ಚೀಲ ಕೊಡಿ, ನಾವೂ ನೋಡೋಣ."

ಹಳೆಯ ಪೇಪರು ಹಾಸಿ ಚೀಲವನ್ನು ಮಗುಚಿದಳು. ಪಂಪಣ್ಣನಿಗೆ ಎಲ್ಲವೂ ಒಂದೇ ಥರ ಕಂಡವು. ಅವಳು ಒಂದೊಂದನ್ನೇ ಎತ್ತಿ ತಲೆಕೆಳಗು ಮಾಡಿಟ್ಟಳು.

"ಪಂಪಣ್ಣ, ಬರೀ ಸೀಟು ತೋರಿಸಿ ಇದು ಯಾವ ಸೈಕಲ್ ಅಂತ ಕೇಳಿದ್ರೆ ಹೇಳ್ತೀರಾ?"

"ಅದು ಹೆಂಗಾಗುತ್ತೆ? ಫ್ರೇಮು ನೋಡ್ಬೇಕು, ಚೈನು ನೋಡ್ಬೇಕು. ಸೀಟು ಯಾವನು ಬೇಕಾದ್ರೂ ಬದಲಾಯಿಸ್ತಾನೆ."

"ಹಾಗೇನೇ ಇದು. ಮೇಲ್ಗಡೆ ಬಣ್ಣ ಬಿಸಿಲಿಗೆ, ಮಳೆಗೆ, ವಯಸ್ಸಿಗೆ ಬದಲಾಗುತ್ತೆ. ಅಡಿಭಾಗ ನೋಡ್ಬೇಕು. ಇದನ್ನ ನೋಡಿ. ಸೂಜಿಯಲ್ಲಿ ಚುಚ್ಚಿದ ಹಾಗೆ ಸಣ್ಣ ಸಣ್ಣ ತೂತು. ಇಲ್ಲಿ ಬೆರಳು ಸವರಿ, ತೂತೇ ಇಲ್ಲ, ಬರೀ ನುಣುಪು. ಇನ್ನು ಕೆಲವಕ್ಕೆ ಪುಸ್ತಕದ ಹಾಳೆ ತರಹ ಪದರ ಇರುತ್ತೆ. ಇವೆಲ್ಲ ಬೇರೆ ಬೇರೆ ಕುಲ. ನೀವು ಒಂದೇ ಪಾತ್ರೆಗೆ ಹಾಕಿದ್ದೀರ."

ಫಾರ್ವರ್ಡ್ ಬಗ್ಗಿ ನೋಡಿದ. ಪೇಪರಿನ ಮೇಲೆ ಈಗ ಮೂರು ಗುಂಪುಗಳಾಗಿದ್ದವು. ಬೇಲಿಕಂಬದ್ದು ತೆಳ್ಳಗೆ, ಬೀಸಣಿಗೆಯ ಹಾಗೆ, ಅಂಚಿನವರೆಗೂ ಬಣ್ಣಬಣ್ಣದ ಪಟ್ಟೆಯದು. ಮರದ್ದು ದಪ್ಪ, ಭಾರ. ಬಿದ್ದ ಕೊಂಬೆಯದು ಮೇಲೆ ಕೆಳಗೆ ಎಲ್ಲ ಒಂದೇ ಮಣ್ಣುಗೆಂಪು, ಒತ್ತಿದರೆ ಮೆತ್ತಗೆ.

"ಈ ಮೆತ್ತಗಿರೋದನ್ನ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡದೆ ಖಂಡಿತ ಹೇಳಲ್ಲ," ಎಂದಳು ಡಾಕ್ಟರಮ್ಮ. "ಆದ್ರೆ ಇದೇ ಥರ ಕಾಣೋ ಒಂದು ಅಣಬೆ ಮೂತ್ರಪಿಂಡ ಹಾಳು ಮಾಡುತ್ತೆ. ತಿಂದವರು ಆಸ್ಪತ್ರೆ ಸೇರಿದ್ದಾರೆ. ನಂಗೇ ಅನುಮಾನ ಇರೋವಾಗ ಅಜ್ಜಿ ಹೊಟ್ಟೆಗೆ ಯಾಕೆ?"

"ಮರದ್ದು ಮಾತ್ರ ಹಾಕಿದ್ರೆ?" ಪಂಪಣ್ಣ ಬಿಡಲಿಲ್ಲ.

"ಅದು ಫೋನಲ್ಲಿ ತೋರಿಸಿದ್ದಲ್ಲ. ದೂರದ ನೆಂಟ ಅಷ್ಟೆ. ಒಂದು ಮೊಳೆ ಕೊಡಿ." ಅವಳು ದಪ್ಪ ಅಣಬೆಯ ಬಿಳಿಯ ಅಡಿಭಾಗದ ಮೇಲೆ ಮೊಳೆಯಿಂದ ಒಂದು ಗೆರೆ ಎಳೆದಳು. ನೋಡನೋಡುತ್ತಿದ್ದಂತೆ ಆ ಗೆರೆ ಕಂದು ಬಣ್ಣಕ್ಕೆ ತಿರುಗಿತು. "ಗುರುತು ಹಿಡಿಯೋಕೆ ಇದೂ ಒಂದು ದಾರಿ. ಹೊಸದಾಗಿದ್ರೆ ಇದರ ಮೇಲೆ ಚಿತ್ರ ಬರೀಬಹುದು."

ಪಂಪಣ್ಣನಿಗೆ ತಡೆಯಲಾಗಲಿಲ್ಲ. ಮೊಳೆ ಇಸಿದುಕೊಂಡು ಎರಡು ಚಕ್ರ, ಒಂದು ಹ್ಯಾಂಡಲ್ ಬರೆದ. ಅಣಬೆಯ ಮೇಲೆ ಕಂದು ಬಣ್ಣದ ಸೈಕಲ್ ಮೂಡಿತು. ಅಜ್ಜಿಯೂ ಕತ್ತು ಚಾಚಿ ನೋಡಿ, "ಪೆಡಲ್ ಮರ್ತೆಯಲ್ಲೋ," ಎಂದರು. ಎಲ್ಲರೂ ನಕ್ಕರು.

"ಇನ್ನೊಂದು ಮಾತು," ಎಂದಳು ಡಾಕ್ಟರಮ್ಮ. "ಅಜ್ಜಿ ಯಾವುದಾದ್ರೂ ಮಾತ್ರೆ ತಗೋತಾರಾ?"

"ರಕ್ತ ಹೆಪ್ಪುಗಟ್ಟದ ಹಾಗೆ ಒಂದು ಮಾತ್ರೆ ಕೊಟ್ಟಿದ್ದಾರೆ. ದಿನಾ ತಗೋತಾರೆ," ಎಂದಳು ಹೆಂಡತಿ.

"ಹಾಗಿದ್ರೆ ಅಸಲಿ ಔಷಧಿ ಅಣಬೆ ಸಿಕ್ಕಿದ್ರೂ ಡಾಕ್ಟರನ್ನ ಕೇಳದೆ ಕೊಡೋ ಹಾಗಿಲ್ಲ. ಎರಡೂ ಸೇರಿ ರಕ್ತ ನಿಲ್ಲದೆ ಹೋಗಬಹುದು."

ಪಂಪಣ್ಣ ಅಮ್ಮನ ಮುಖವನ್ನೊಮ್ಮೆ, ಕಿತ್ತಿಟ್ಟ ಲೋಟವನ್ನೊಮ್ಮೆ ನೋಡಿದ. ಎದ್ದು ಹೋಗಿ ಪಾತ್ರೆಯಲ್ಲಿದ್ದದ್ದನ್ನು ಬಚ್ಚಲಿಗೆ ಸುರಿದು, ಪಾತ್ರೆಯನ್ನು ತಾನೇ ಉಜ್ಜಿ ಉಜ್ಜಿ ತೊಳೆದ.

ವಿಷಯ ಅಲ್ಲಿಗೆ ಮುಗಿಯಿತು ಎಂದುಕೊಂಡರೆ ಡಾಕ್ಟರಮ್ಮ ಇನ್ನೂ ಆ ದಪ್ಪ ಅಣಬೆಯನ್ನೇ ತಿರುಗಿಸುತ್ತಿದ್ದಳು. "ಇದನ್ನ ಯಾವ ಮರದಿಂದ ಕಿತ್ರಿ?"

"ನಮ್ದೇ! ಬನ್ನಿ ಬನ್ನಿ, ತೋರಿಸ್ತೀನಿ." ಪಂಪಣ್ಣ ಹುರುಪಿನಿಂದ ಹೊರಗೆ ಕರೆದುಕೊಂಡು ಹೋಗಿ ಡಬ್ಬಿ ಕೂತಿದ್ದ ಹಲಗೆ ತೋರಿಸಿದ.

ಅವಳು ನಗಲಿಲ್ಲ. ಮರಕ್ಕೆ ಒಂದು ಸುತ್ತು ಬಂದಳು. ಹಿಂಭಾಗದಲ್ಲಿ, ನೇತುಬಿದ್ದ ಟಯರುಗಳನ್ನು ಸರಿಸಿದಾಗ, ಬುಡದಲ್ಲಿ ಇನ್ನಷ್ಟು ಹಲಗೆಗಳು ಕಂಡವು. ಅವುಗಳ ಪಕ್ಕದಲ್ಲೇ ತೊಗಟೆ ಬಿರುಕು ಬಿಟ್ಟಿತ್ತು. ಬೆಂಚಿನ ಮೇಲೆ ಕಂದು ಪುಡಿ ಕೂತಿತ್ತು. ಅದನ್ನು ಬೆರಳಿನಲ್ಲಿ ಒರೆಸಿ ನೋಡಿದಳು.

"ಅದು ತುಕ್ಕು. ದಿನಾ ಒರೆಸ್ತೀನಿ, ದಿನಾ ಬೀಳುತ್ತೆ," ಎಂದ ಪಂಪಣ್ಣ.

"ತುಕ್ಕಲ್ಲ. ಅಣಬೆ ಬೀಜ ಅಂದ್ಕೊಳ್ಳಿ. ಇದೇ ಅಣಬೆದು." ಅವಳು ಪಂಪಣ್ಣನ ಕಟ್ಟಿಗೆಯ ಸುತ್ತಿಗೆ ತೆಗೆದುಕೊಂಡು ಕಾಂಡದ ಒಂದು ಕಡೆ ಮೆಲ್ಲಗೆ ತಟ್ಟಿದಳು. ಗಟ್ಟಿ ಸದ್ದು. ಅಣಬೆಗಳ ಹತ್ತಿರ ತಟ್ಟಿದಳು. ಖಾಲಿ ಡ್ರಮ್ಮಿಗೆ ಹೊಡೆದ ಹಾಗೆ ಬೊಂವ್ ಎಂದಿತು.

"ಪಂಪಣ್ಣ, ಹೊರಗೆ ಕಾಣೋ ಹಲಗೆ ಬರೀ ಹಣ್ಣು ಇದ್ದ ಹಾಗೆ. ಅಸಲು ಅಣಬೆ ಒಳಗಿದೆ, ದಾರದ ಹಾಗೆ ಹಬ್ಬಿಕೊಂಡು ಮರದ ತಿರುಳು ತಿಂತಾ ಇದೆ. ಎಷ್ಟೋ ವರ್ಷ ತಿಂದ ಮೇಲೇ ಇಷ್ಟು ದೊಡ್ಡ ಹಲಗೆ ಹೊರಗೆ ಬರೋದು."

"ಏನಮ್ಮ ಮಾತಾಡ್ತೀಯ! ತಲೆ ಎತ್ತಿ ನೋಡು. ಎಷ್ಟು ಹಸಿರಾಗಿದೆ!"

"ಎಲೆಗೆ ನೀರು ಹೋಗೋದು ಹೊರಗಿನ ಪದರದಿಂದ. ಒಳಗೆ ಟೊಳ್ಳಾದ್ರೂ ಮರ ಹಸಿರಾಗೇ ಇರುತ್ತೆ. ಗಾಳಿ ಬಂದಾಗ ನಿಲ್ಲೋ ಶಕ್ತಿ ಮಾತ್ರ ಇರಲ್ಲ."

ಪಂಪಣ್ಣ ಮರದ ಮುಂದೆ ಅಡ್ಡಲಾಗಿ ನಿಂತ. ಯಾರೋ ಈಗಲೇ ಕೊಡಲಿ ಹಿಡಿದು ಬಂದ ಹಾಗೆ. "ಇದರ ಕೆಳಗೇ ನಾನು ಬೆಳೆದದ್ದು. ನಮ್ಮಪ್ಪ ಊಟ ಮಾಡಿ ಒರಗ್ತಿದ್ದದ್ದೂ ಇದಕ್ಕೇ. ಬೇಕಾದ್ರೆ ನಾಳೆ ಎಲ್ಲಾ ಹಲಗೆ ಕೆರೆದು ತೆಗೀತೀನಿ. ರೋಗ ಹೋಯ್ತಲ್ಲ!"

"ಚಕ್ರ ಡೊಂಕಾದಾಗ ಬೆಲ್ಲು ಬಿಚ್ಚಿಹಾಕಿದ್ರೆ ಚಕ್ರ ನೆಟ್ಟಗಾಗುತ್ತಾ? ಕಿತ್ರೆ ಗುರುತು ಹೋಗುತ್ತೆ, ಹುಳುಕು ಹೋಗಲ್ಲ. ನೋಡಿ, ನಾನು ಮರ ಕಡೀರಿ ಅಂತಿಲ್ಲ. ಹಲಗೆ ಅಣಬೆ ಬಂದ ಮರಾನೆಲ್ಲ ಕಡೀಬೇಕಾಗಿಲ್ಲ. ಎಷ್ಟೋ ಮರ ಹಾಗೇ ಹತ್ತಾರು ವರ್ಷ ನಿಲ್ಲುತ್ತೆ. ಅಳೆದು ನೋಡೋಕೆ ಉಪಕರಣ ಇದೆ. ಊರಿನ ತೋಟಗಾರಿಕೆ ಇಲಾಖೆಗೆ ಒಂದು ಫೋನ್ ಮಾಡಿ. ಅಲ್ಲೀವರೆಗೆ ಮಕ್ಕಳನ್ನ ಮಾತ್ರ ಇಲ್ಲಿ ಕೂರಿಸಬೇಡಿ."

ಪಂಪಣ್ಣ ಬೆಂಚನ್ನು ಇದ್ದಲ್ಲೇ ಬಿಟ್ಟ. ಬ್ರೇಕ್ ವೈರು ಹಾಕಿಕೊಟ್ಟು ಅವಳನ್ನು ಕಳಿಸಿದ.

ಮಾರನೆಯ ದಿನ ಮಧ್ಯಾಹ್ನ ಅಂಗಡಿಯಲ್ಲಿ ಯಾರೂ ಇರಲಿಲ್ಲ. ಪಂಪಣ್ಣ ಉದ್ದನೆಯ ಸ್ಪೋಕ್ ಕಡ್ಡಿಯೊಂದನ್ನು ತೆಗೆದುಕೊಂಡು ಮರದ ಹಿಂದೆ ಹೋಗಿ ಕುಕ್ಕರಗಾಲಲ್ಲಿ ಕೂತ. ಮೊದಲೇ ಇದ್ದ ಆ ಬಿರುಕಿಗೆ ಕಡ್ಡಿಯ ತುದಿ ಇಟ್ಟ. ಒಂದು ಬೆರಳಷ್ಟು ಹೋಗಿ ನಿಲ್ಲಬಹುದು ಎಂದುಕೊಂಡಿದ್ದ. ಕಡ್ಡಿ ನೆನೆದ ಬ್ರೆಡ್ಡಿನೊಳಗೆ ಹೋದ ಹಾಗೆ ಸದ್ದಿಲ್ಲದೆ ಪೂರ್ತಿ ಒಳಗೆ ಹೋಯಿತು. ಹೊರಗೆ ಎಳೆದಾಗ ತುದಿಯಲ್ಲಿ ಒದ್ದೆ ಪುಡಿ ಅಂಟಿಕೊಂಡಿತ್ತು.

ಅವನು ಆ ಪುಡಿಯನ್ನು ಬೆರಳುಗಳ ನಡುವೆ ತಿಕ್ಕಿ ನೋಡಿದ. ಆಮೇಲೆ ಶಾಲೆಯ ಗಂಟೆ ಕೇಳಿತು. ದಡಬಡ ಎದ್ದು ಬೆಂಚಿನ ಒಂದು ತುದಿ ಹಿಡಿದು ಕೂಗಿದ, "ಲೇ, ಬಾರೇ ಇಲ್ಲಿ, ಆ ತುದಿ ಹಿಡಿ!" ಹೆಂಡತಿ ಹೊಲಿಗೆ ಬಿಟ್ಟು ಓಡಿಬಂದಳು. ಗಂಡ ಹೆಂಡತಿ ಸೇರಿ ಬೆಂಚನ್ನು ರಸ್ತೆಯಾಚೆಯ ಗೋಡೆಯ ನೆರಳಿಗೆ ಹೊತ್ತರು. ಮಕ್ಕಳು ಬಂದು ಯಾಕೆ ಎಂದು ಕೇಳಿದರೆ, "ಮರಕ್ಕೆ ಹುಷಾರಿಲ್ಲ. ರೋಗಿ ಮೇಲೆ ಒರಗಬಾರದು," ಎಂದ. ಸಂಜೆಗೆ ತೋಟಗಾರಿಕೆ ಇಲಾಖೆಗೆ ಅವನೇ ಫೋನ್ ಮಾಡಿದ.

ಆ ವಾರವೇ ಇಲಾಖೆಯವರು ಬಂದರು. ಕಾಂಡದ ಸುತ್ತ ವೈರು ಜೋಡಿಸಿ, ತಟ್ಟಿ, ಅಳೆದರು. ಅಷ್ಟು ಹೊತ್ತೂ ಪಂಪಣ್ಣ ಆಸ್ಪತ್ರೆಯ ಬಾಗಿಲಲ್ಲಿ ನಿಂತವನ ಹಾಗೆ ನಿಂತಿದ್ದ. ಕೊನೆಗೆ ಬಂದ ಸುದ್ದಿ ಇಷ್ಟು: ಒಂದು ಮಗ್ಗುಲು ಟೊಳ್ಳಾಗಿದೆ, ಇನ್ನೊಂದು ಗಟ್ಟಿ ಇದೆ. ಬೀದಿಯ ಮೇಲೆ ಚಾಚಿದ ಹೆಗ್ಗೊಂಬೆಯನ್ನು ತೆಗೆದು, ಮೇಲಿನ ಭಾರ ಇಳಿಸಿದರೆ ಮರವನ್ನು ಉಳಿಸಿಕೊಳ್ಳಬಹುದು. ವರ್ಷಕ್ಕೊಮ್ಮೆ ಬಂದು ನೋಡುತ್ತಾರೆ. ಬುಡಕ್ಕೆ ಬೇಲಿ ಹಾಕಬೇಕು, ಕೆಳಗೆ ಯಾರೂ ಕೂರಬಾರದು. ಮೊಳೆಗಳೂ ಸರಪಳಿಯೂ ಇನ್ನು ಬೇಡ.

"ಉಳಿಯುತ್ತಾ?" ಎಂದು ಪಂಪಣ್ಣ ಇನ್ನೊಮ್ಮೆ ಕೇಳಿ ಖಾತ್ರಿ ಮಾಡಿಕೊಂಡ.

ಹೆಗ್ಗೊಂಬೆ ಕೊಯ್ದು ಹಗ್ಗದಲ್ಲಿ ಇಳಿಸಿದ ದಿನ ಬೀದಿಗೆ ಬೀದಿಯೇ ಸೇರಿತ್ತು. ಸೈಕಲ್ ನೇತುಹಾಕುತ್ತಿದ್ದ ಕೊಂಬೆ ಅದೇ. ಕೊಯ್ದ ಮುಖ ನೋಡಲು ಎಲ್ಲರೂ ಬಗ್ಗಿದರು. ಸುತ್ತ ಒಂದಿಷ್ಟು ಗಟ್ಟಿ ಉಂಗುರ ಬಿಟ್ಟರೆ ನಡುವೆ ಏನೂ ಇರಲಿಲ್ಲ. ಫಾರ್ವರ್ಡ್ ಒಂದು ತುದಿಯಿಂದ ಕೈ ಹಾಕಿದ. ಭುಜದವರೆಗೂ ಹೋಯಿತು.

"ಇದರ ಕೆಳಗೆ ಮಕ್ಕಳು ಕೂರ್ತಿದ್ವಲ್ಲ," ಎಂದಳು ಪಂಪಣ್ಣನ ಹೆಂಡತಿ, ಮೆಲ್ಲಗೆ. ಪಂಪಣ್ಣ ಅವಳ ಹೆಗಲ ಮೇಲೆ ಕೈಯಿಟ್ಟ.

ಆಮೇಲೆ ಅಜ್ಜಿಯನ್ನು ಮಂಡಿ ನೋಡುವ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಅವರು ಒಂದು ಮುಲಾಮು ಕೊಟ್ಟು, ದಿನಾ ಸ್ವಲ್ಪ ಹೊತ್ತು ಕಾಲಾಡಿಸಬೇಕು, ಸೈಕಲ್ ತುಳಿದರೆ ಬಹಳ ಒಳ್ಳೆಯದು ಎಂದರು. ಸೈಕಲ್ಲಿಗೆ ಆ ಮನೆಯಲ್ಲಿ ಬರವೇ? ಪಂಪಣ್ಣ ಒಂದು ತಗ್ಗು ಸೈಕಲ್ಲನ್ನು ಕಬ್ಬಿಣದ ಸ್ಟ್ಯಾಂಡಿಗೆ ಬಿಗಿದು, ಹಿಂದಿನ ಚಕ್ರ ನೆಲಕ್ಕೆ ತಾಗದಂತೆ ಮಾಡಿ, ಹೆಂಡತಿಯಿಂದ ಮೆತ್ತನೆಯ ಸೀಟು ಹೊಲಿಸಿ, ಅಂಗಡಿಯ ಬಾಗಿಲಲ್ಲಿ ನಿಲ್ಲಿಸಿದ. ಅಜ್ಜಿ ದಿನಾ ಬೆಳಿಗ್ಗೆ ಅದನ್ನೇರಿ ಬೀದಿ ನೋಡುತ್ತ ತುಳಿಯುತ್ತಾರೆ. ಈಗ ಬಚ್ಚಲಿನ ಯಾತ್ರೆ ಸುಲಭವಾಗಿದೆ. ಮಗನನ್ನು ಬೈಯುವುದು ಮಾತ್ರ ಬಿಟ್ಟಿಲ್ಲ. "ಎಂಥ ರಿಪೇರಿ ಮಾಡಿದೀಯೋ? ಇಷ್ಟು ದಿನದಿಂದ ತುಳೀತಿದೀನಿ, ಇನ್ನೂ ಅಂಗಡಿ ಬಾಗಿಲೇ ದಾಟಿಲ್ಲ!"

ಫಾರ್ವರ್ಡ್ ಫೋನು ಬಿಟ್ಟಿಲ್ಲ. ಆದರೆ ಈಗ ಅದನ್ನು ಬೇರೆ ಥರ ಬಳಸುತ್ತಾನೆ. ಎಲ್ಲಾದರೂ ಹಲಗೆ ಅಣಬೆ ಕಂಡರೆ ಕೀಳುವುದಿಲ್ಲ. ಮೇಲಿನಿಂದ ಒಂದು ಚಿತ್ರ, ನೆಲದ ಹತ್ತಿರ ಬಗ್ಗಿ ಅಡಿಭಾಗದ್ದೊಂದು, ದೂರ ನಿಂತು ಇಡೀ ಮರದ್ದೊಂದು ತೆಗೆದು ಡಾಕ್ಟರಮ್ಮನಿಗೆ ಕಳಿಸುತ್ತಾನೆ. ಶಾಲೆಯ ಗೇಟಿನ ಪಕ್ಕದ ಮರದ ಬುಡದಲ್ಲಿ ಹಲಗೆ ಇರುವುದನ್ನು ಮೊದಲು ಕಂಡವನು ಅವನೇ. ಇಲಾಖೆಯವರು ಅದನ್ನೂ ಬಂದು ನೋಡಿ ಹೋದರು. ಆ ಮರ ಗಟ್ಟಿಯಾಗಿಯೇ ಇತ್ತು. ಗಟ್ಟಿಯಿದೆ ಎಂದು ಗೊತ್ತಾಗುವುದೂ ನೆಮ್ಮದಿಯೇ ಅಲ್ಲವೇ?

ಇನ್ನು ನಿಮ್ಮ ಮಾತಿಗೆ ಬರೋಣ. ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯ ಮುಂದೆಯೋ, ಬಸ್ಸು ನಿಲ್ಲುವ ಕಡೆಯೋ, ಮಕ್ಕಳು ಆಡುವ ಜಾಗದಲ್ಲೋ ಒಂದು ಮರ ಇದ್ದೇ ಇರುತ್ತದೆ. ಅದರ ಮೇಲೆ ಹಲಗೆಯಂಥ ಅಣಬೆ ಕಂಡರೆ ಬಾಯಿಗೆ ಹಾಕಬೇಡಿ, ಕಷಾಯಕ್ಕೆ ಹಾಕಬೇಡಿ. ಫೋನಿನ ಚಿತ್ರಕ್ಕೆ ಹೋಲುತ್ತದೆ ಎಂಬುದು ಗುರುತಲ್ಲ. ಮೇಲಿನ ಬಣ್ಣಕ್ಕೆ ಮರುಳಾಗದೆ ಅಡಿಭಾಗ ನೋಡಿ, ಯಾವ ಮರ, ಎಲ್ಲಿ ಬೆಳೆದಿದೆ ನೋಡಿ, ತಿಳಿದವರನ್ನು ಕೇಳಿ. ಯಾರಾದರೂ ತಿಂದಿದ್ದರೆ ಕಾಯುತ್ತ ಕೂರಬೇಡಿ, ಉಳಿದ ಚೂರನ್ನು ಕೈಯಲ್ಲಿ ಹಿಡಿದುಕೊಂಡೇ ಆಸ್ಪತ್ರೆಗೆ ಹೋಗಿ. ಮರದ ಮೇಲಿರುವುದನ್ನು ಕೆರೆದು ಹಾಕಬೇಡಿ. ಅದು ಮರ ನಿಮಗೆ ಹೇಳುತ್ತಿರುವ ಸುದ್ದಿ. ಆ ಸುದ್ದಿಯನ್ನು ನಿಮ್ಮೂರಿನ ಮರ ನೋಡಿಕೊಳ್ಳುವವರಿಗೆ ಮುಟ್ಟಿಸಿ.

ಇದನ್ನು ಓದಿ ಮುಗಿಸಿದಿರಲ್ಲ, ಈಗ ಹಾಳೆ ಮಡಿಸಿಡಿ. ಬೆಳಕಿರುವಾಗಲೇ ಹೊರಗೆ ಬಂದು ನಿಮ್ಮ ಮರದ ಬುಡಕ್ಕೆ ಒಂದು ಸುತ್ತು ಹಾಕಿ. ಹಿಂಭಾಗವನ್ನು ಮರೆಯಬೇಡಿ.